ಸತ್ತವರ ಜೇಬಿನ ಮೊಹರು

ಇಂಜಿನಿಯರ್ ತೆಯೊಬಾಲ್ದೊ ಲಾಂದಾವೆರಿ ಮರಳನ್ನು ಬಾಯಿಗೆ ಹಾಕಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಯಾರ ಮನೆಗೆ ಮೋಲ್ಡ್ ಹಾಕುವುದಿದ್ದರೂ ಮೊದಲು ಬೀದಿಯಲ್ಲಿ ಸುರಿದ ಮರಳಿನ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂರುವುದು, ಮೇಲಿನ ಪದರ ಸರಿಸಿ ಒಳಗಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಡುವುದು, ಕಣ್ಣು ಮುಚ್ಚುವುದು. ಆಮೇಲೆ ತೂ. ಒಂದೇ ಸಲ ಉಗಿದರೆ ಮರಳು ಹೊಳೆಯದ್ದು, ಕೆಲಸ ನಡೆಯಲಿ ಎಂದರ್ಥ. ಎರಡು ಸಲ ಉಗಿದರೆ ಸಮುದ್ರದ್ದು, ಕಂಬಿ ತಿನ್ನುವ ಉಪ್ಪಿನದು. ಆಗ ಲಾರಿಯವನ ತಾಯಿ, ಅಜ್ಜಿ, ಮುತ್ತಜ್ಜಿಯರನ್ನೆಲ್ಲ ಎಬ್ಬಿಸಿ ಬೈದು ರಾಶಿಯನ್ನು ವಾಪಸ್ ಕಳಿಸುತ್ತಿದ್ದರು.

ನಮ್ಮ ಬಂದರು ಪುಂತಾ ಗ್ರಾಮಾದಲ್ಲಿ ಸಮುದ್ರದ ಮರಳು ಕಾಲ ಬುಡದಲ್ಲೇ ಬಿದ್ದಿರುತ್ತದೆ, ಬಿಟ್ಟಿ. ಹೊಳೆಯ ಮರಳು ಬೆಟ್ಟದ ಕಡೆಯಿಂದ ಬರಬೇಕು, ದುಡ್ಡು ಕೊಡಬೇಕು. ಮೀನುಹಿಟ್ಟಿನ ಕಾರ್ಖಾನೆಯ ಹೊಗೆ ಕುಡಿದು ಬದುಕುವ ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಕೇಳಬೇಕಾಗಿಲ್ಲ. ಹಾಗಾಗಿ ಆ ಎರಡನೇ ತೂ ಎಂದರೆ ಊರಿಗೇ ಎದೆ ಝಲ್ಲೆನ್ನುತ್ತಿತ್ತು.

ಸೊರೈದಾ ಚಿಂಚಾಯ್ ಆ ಸದ್ದನ್ನು ಹದಿನೇಳು ವರ್ಷ ಪಕ್ಕದಲ್ಲೇ ನಿಂತು ಕೇಳಿದವಳು. ಅಪ್ಪ ಕಾರ್ಖಾನೆಯ ಬಾಯ್ಲರಿನಲ್ಲಿ ದುಡಿಯುತ್ತಿದ್ದ. ಮುಷ್ಕರದಲ್ಲಿ ಕೆಲಸ ಕಳೆದುಕೊಂಡ, ಹಾಗೇ ಕುಡಿದು ಸತ್ತ. ಮಗಳು ಸರ್ಕಾರಿ ವಿಶ್ವವಿದ್ಯಾಲಯ ಸೇರಿ ಸಿವಿಲ್ ಓದಿದಳು. ಅವಳು ಓದಿದ್ದು ಬಾಂಬುಗಳ ಕಾಲ. ಅರ್ಧ ವರ್ಷ ಮುಷ್ಕರ, ಇನ್ನರ್ಧ ವರ್ಷ ಸೈನಿಕರು ಕ್ಯಾಂಪಸ್ಸಿನೊಳಗೆ. ಮೊದಲ ಪದವಿಯೇನೋ ಸಿಕ್ಕಿತು. ಪ್ರಬಂಧ ಬರೆಸಬೇಕಾದ ಮೇಷ್ಟ್ರು ಒಂದು ಬೆಳಿಗ್ಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೇಶ ಬಿಟ್ಟರು. ಪ್ರಬಂಧ ಅಲ್ಲಿಗೇ ನಿಂತಿತು. ಪ್ರಬಂಧವಿಲ್ಲದೆ ಇಂಜಿನಿಯರ್ ಎಂಬ ಪಟ್ಟವಿಲ್ಲ, ಪಟ್ಟವಿಲ್ಲದೆ ಇಂಜಿನಿಯರುಗಳ ಮಂಡಳಿಯಲ್ಲಿ ಪ್ರಮಾಣವಚನವಿಲ್ಲ, ಪ್ರಮಾಣವಚನವಿಲ್ಲದೆ ನಂಬರೂ ಇಲ್ಲ, ಮೊಹರೂ ಇಲ್ಲ. ಅವಳು ಊರಿಗೆ ಬಂದು ಲಾಂದಾವೆರಿಯ ಕಚೇರಿಯಲ್ಲಿ ನಕ್ಷೆ ಬರೆಯಲು ಕೂತಳು. ಕೈ ಅವಳದು, ಮೊಹರು ಅವರದು.

ನಮ್ಮಲ್ಲಿ ಇಸ್ತ್ರಿ ಅಂಗಿ ತೊಟ್ಟ ಯಾರನ್ನು ಬೇಕಾದರೂ ಇಂಜಿನಿಯರ್ರೇ ಎನ್ನುತ್ತಾರೆ, ಬಸ್ ಕಂಡಕ್ಟರ್ ಕೂಡ ಎನ್ನುತ್ತಾನೆ. ಆದರೆ ಮೊಹರಿರುವವನೇ ಬೇರೆ. ಒಂದು ಮಧ್ಯಾಹ್ನ, ಹುರಿದ ಜೋಳ ಜಗಿಯುತ್ತಾ, ಲಾಂದಾವೆರಿ ಅದನ್ನು ಅವಳಿಗೆ ಹೇಳಿದ್ದರು.

"ಸೀಲು ಅಂದ್ರೆ ಮರ್ಯಾದೆ ಅಲ್ಲ ಹುಡುಗಿ. ಮಾಡು ಬಿದ್ದಾಗ ಯಾರ ಕತ್ತಿನಪಟ್ಟಿ ಹಿಡೀಬೇಕು ಅಂತ ಬರೆದಿಟ್ಟಿರೋ ವಿಳಾಸ ಅದು."

ಅದೇ ದಿನ ಇನ್ನೊಂದನ್ನೂ ಹೇಳಿದರು. ಮುಂದೆಂದೂ ಆ ಮಾತೆತ್ತಲಿಲ್ಲ. ಅವರು ಮಂಡಳಿಯ ನಂಬರು ಪಡೆದು ಮೊಟ್ಟಮೊದಲು ಮೊಹರೊತ್ತಿದ್ದು ಸ್ವಂತ ಅಣ್ಣನ ಮನೆಯ ನಕ್ಷೆಗೆ. ನಕ್ಷೆ ಚೆನ್ನಾಗಿಯೇ ಇತ್ತು. ಮರಳನ್ನು ಅವರು ನೋಡಿರಲಿಲ್ಲ. ಅಣ್ಣ ಬೀಚಿನಿಂದ ಕತ್ತೆಗಾಡಿಯಲ್ಲಿ ತರಿಸಿದ್ದ. ಎಪ್ಪತ್ತರ ಮೇ ತಿಂಗಳ ಆ ಭಾನುವಾರ ನೆಲ ಅಲುಗಾಡಿದಾಗ ಆ ಮನೆಯೊಳಗೆ ಅಣ್ಣ, ಅತ್ತಿಗೆ, ಮೂರು ಮಕ್ಕಳು ರೇಡಿಯೋ ಕೇಳುತ್ತಾ ಕೂತಿದ್ದರು.

"ಕಾಂಕ್ರೀಟನ್ನ ಕೈಯಲ್ಲೇ ಪುಡಿ ಮಾಡಿ ತೆಗೆದೆ," ಎಂದರು ಲಾಂದಾವೆರಿ. "ಬಿಸ್ಕತ್ತಿನ ಹಾಗೆ. ಆಮೇಲೆ ಒಂದು ಚೂರು ಬಾಯಿಗೆ ಹಾಕ್ಕೊಂಡೆ. ಯಾಕೆ ಅಂತ ಕೇಳ್ಬೇಡ."

ಅವರು ಸತ್ತದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಮುಖಕ್ಕೆ ನೊರೆ ಹಚ್ಚಿದ್ದಾಗ. ಹೃದಯ ನಿಂತಿತು. ಶವಪೆಟ್ಟಿಗೆಯ ಮೇಲೆ ಹಳದಿ ಹೆಲ್ಮೆಟ್ ಇಟ್ಟರು. ಪೆಟ್ಟಿಗೆ ಮುಚ್ಚುವ ಮೊದಲು ಊರವರು ದೋನ್ಯಾ, ಅಂದರೆ ಅಮ್ಮನವರು, ಎನ್ನುವ ಹೆಂಡತಿ ಎರ್ಮಿನಿಯಾ ಕರವಸ್ತ್ರದಲ್ಲಿ ಸುತ್ತಿದ ಮೊಹರನ್ನು ಗಂಡನ ಕೋಟಿನ ಎದೆಜೇಬಿಗೆ ಇಳಿಬಿಟ್ಟಳು. ನಮ್ಮ ಬಂದರಿನ ಇಂಜಿನಿಯರುಗಳ ಪದ್ಧತಿ ಅದು. ಮೀನುಗಾರ ಸತ್ತರೆ ಬಲೆ ಮಗನಿಗೆ, ಇಂಜಿನಿಯರ್ ಸತ್ತರೆ ಮೊಹರು ಅವನ ಜೊತೆಗೇ. ಬೀದಿಯ ಜನವೆಲ್ಲ ನೋಡಿದರು. ಸೊರೈದಾಳೂ ನೋಡಿದಳು. ಸ್ಮಶಾನದ ಗೋಡೆಯ ಗೂಡಿನೊಳಕ್ಕೆ ಪೆಟ್ಟಿಗೆ ತಳ್ಳಿ ಸಿಮೆಂಟು ಮೆತ್ತಿದರು. ಆ ಸಿಮೆಂಟು ಕಲಸಿದ ಮರಳು ಎಲ್ಲಿಯದು ಎಂದು ಯಾರೂ ನೋಡಲಿಲ್ಲ. ಅವಳ ತಲೆಗೆ ಬಂದದ್ದು ಅದೊಂದೇ ಯೋಚನೆ. ಅಳು ಬರಲಿಲ್ಲ.

ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮರುದಿನ ಕಚೇರಿಯಲ್ಲಿ ಕೂತು ಯಾರದೋ ಮೆಟ್ಟಿಲಿನ ಗೆರೆ ಎಳೆಯುತ್ತಿದ್ದಳು. ಕಿಟಕಿಯ ಕೆಳಗೆ ಯಾರೋ ಉಗಿದರು. ತೂ.

ಎದ್ದು ನೋಡಿದಳು. ಬೀದಿಯಲ್ಲಿ ಬಿಸಿಲು ಬಿದ್ದಿತ್ತು, ಒಂದು ನಾಯಿ ಮಲಗಿತ್ತು. ಬೀದಿಯಲ್ಲಿ ಉಗಿಯುವವರಿಗೇನು ಕಡಿಮೆ ಎಂದುಕೊಂಡು ಕೂತಳು. ಆದರೆ ನಾಲಿಗೆಯ ತುದಿಗೆ ಮರಳಿನ ಕಣ ತಗುಲಿದಾಗ ಬರುವ ಉಗಿತವೇ ಬೇರೆ, ಒಣದು, ಹಲ್ಲಿನ ಸಂದಿಯಿಂದ ಬರುವಂಥದು. ಅದನ್ನು ಹದಿನೇಳು ವರ್ಷ ಕೇಳಿದವಳಿಗೆ ಇನ್ನೊಬ್ಬರು ಹೇಳಿಕೊಡಬೇಕಿಲ್ಲ. ಆಮೇಲೆ ಆಗಾಗ ಕೇಳಿಸತೊಡಗಿತು. ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವಾಗ ಬೆನ್ನ ಹಿಂದೆ. ಚರ್ಚಿನ ಕಡೆಯ ಬೆಂಚಿನಲ್ಲಿ. ಯಾವಾಗಲೂ ಒಂದೇ ಸಲ. ಅವಳು ದೇವರು ದಿಂಡರನ್ನು ಹೆಚ್ಚು ಹಚ್ಚಿಕೊಂಡವಳಲ್ಲ. ಒಂದೇ ಸಲ ತಾನೇ, ಇರಲಿ ಬಿಡಿ ಎಂದು ಅದಕ್ಕೆ ಒಗ್ಗಿಕೊಂಡಳು.

ಎರ್ಮಿನಿಯಾ ಅವಳನ್ನು ಮನೆಯಿಂದ ಬಿಡಿಸಲಿಲ್ಲ. ಕಚೇರಿಯ ಮೇಲಿನ ಕೋಣೆ ಅವಳದೇ ಉಳಿಯಿತು, ಮಧ್ಯಾಹ್ನದ ಊಟವೂ ಒಂದೇ ಮೇಜಿನಲ್ಲಿ. ಮಕ್ಕಳಿಲ್ಲದ ಮನೆ. ಒಂದು ದಿನ ಮುದುಕಿ ಊಟದ ತಟ್ಟೆ ಪಕ್ಕ ಒಂದು ಹಾಳೆ ಇಟ್ಟಳು.

"ಅವರ ಡ್ರಾಯರಿನಲ್ಲಿ ಸಿಕ್ತು ಮಗಳೇ. ನಿನಗೇ ಅಂತ ಬರೆದಿಟ್ಟಿದ್ದಾರೆ."

ಪ್ರಬಂಧ ಬರೆಯದವರಿಗೆ ಪಟ್ಟಕ್ಕೆ ಇನ್ನೊಂದು ದಾರಿ ಇತ್ತು. ನಂಬರುಳ್ಳ ಇಂಜಿನಿಯರೊಬ್ಬರು, ಈಕೆ ನನ್ನ ಕೈಕೆಳಗೆ ಇಷ್ಟು ವರ್ಷ ಕೆಲಸ ಮಾಡಿದ್ದಾಳೆ ಎಂದು ಮೊಹರೊತ್ತಿ ಕೊಡಬೇಕು, ಆಮೇಲೆ ಪರೀಕ್ಷೆ. ಲಾಂದಾವೆರಿ ಬದುಕಿದ್ದಾಗ ಅವಳು ಕೇಳಿರಲಿಲ್ಲ. ಅವರೂ ಕೊಟ್ಟಿರಲಿಲ್ಲ. ಅವಳು ಹೋದರೆ ಗೆರೆ ಎಳೆಯುವವರು ಯಾರು ಎಂದುಕೊಂಡಿರಬೇಕು. ಕೊನೆಗಾದರೂ ನೆನೆಸಿಕೊಂಡರಲ್ಲ ಎಂದು ಸೊರೈದಾ ಆ ಪ್ರಮಾಣಪತ್ರದ ಹಾಳೆ ಹಿಡಿದುಕೊಂಡು ಅತ್ತಳು, ಗೋಡೆಗೆ ಸಿಮೆಂಟು ಮೆತ್ತಿದಾಗ ಬಾರದ ಅಳು ಈಗ ಬಂತು. ಪರೀಕ್ಷೆಯನ್ನು ತನ್ನ ತಲೆಯಿಂದಲೇ ಪಾಸು ಮಾಡಿದಳು. ಮಂಡಳಿಯಿಂದ ಪ್ರಮಾಣವಚನದ ದಿನ ಗೊತ್ತಾಯಿತು, ಒಂದು ಶುಕ್ರವಾರ. ಕಪ್ಪು ಕೋಟು ಹೊಲಿಸಿದಳು. ನಲವತ್ತಾರನೇ ವಯಸ್ಸಿಗೆ ಕನ್ನಡಿ ಮುಂದೆ ನಿಂತು, ಕೊರಳಿಗೆ ಮಂಡಳಿಯ ಪದಕ ಬಿದ್ದರೆ ಹೇಗೆ ಕಾಣುತ್ತೇನೆಂದು ಕತ್ತು ಆ ಕಡೆ ಈ ಕಡೆ ತಿರುಗಿಸಿದಳು.

ಪ್ರಮಾಣವಚನಕ್ಕೆ ಹನ್ನೊಂದು ದಿನವಿರುವಾಗ, ಸೋಮವಾರ, ಬಡಾವಣೆಯ ತಾಯಂದಿರ ಅಡುಗೆಮನೆಯಿಂದ ಕರೆ ಬಂತು. ಸೋಮವಾರವೆಂದರೆ ಅಲ್ಲಿ ಮಸೂರಬೇಳೆ, ಅನ್ನ, ಕರಿದ ಮೀನು. ಮುಷ್ಕರದ ಕಾಲದಲ್ಲಿ ಹೆಂಗಸರು ಕಲ್ಲಿನ ಒಲೆ ಹೂಡಿ ಎಲ್ಲರ ಮಕ್ಕಳಿಗೂ ಒಟ್ಟಿಗೆ ಬೇಯಿಸಿದ ಜಾಗ ಅದು. ಆಮೇಲೆ ಇಟ್ಟಿಗೆ ಗೋಡೆ ಬಂತು, ಮಾಡು ಬಂತು. ಮಾಡಿನ ಮೇಲೆ, ನಮ್ಮೂರ ಎಲ್ಲ ಮನೆಗಳ ಹಾಗೆ, ಮುಂದಿನ ಮಹಡಿಗೆಂದು ಕಂಬದ ಕಂಬಿಗಳನ್ನು ಆಳುದ್ದ ಹೊರಚಾಚಿ ಬಿಟ್ಟಿದ್ದರು. ಆಸೆಯ ಕಂಬಿ ಎನ್ನುತ್ತಾರೆ ಅವನ್ನು. ಈ ಆಸೆ ಸಮುದ್ರದ ಗಾಳಿಯಲ್ಲಿ ಹದಿನಾಲ್ಕು ವರ್ಷ ನಿಂತಿತ್ತು.

ಅಡುಗೆಮನೆಯ ಅಧ್ಯಕ್ಷೆ ಫೊರ್ತುನಾತಾ ಪೌಕಾರ್ ದಪ್ಪ ತೋಳಿನ ಹೆಂಗಸು, ಪೊಲೀಸರ ಲಾಠಿಗೆ ಸೌಟು ಅಡ್ಡ ಹಿಡಿದವಳು. ಎಣ್ಣೆಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನಕ್ಷೆ ಬಿಚ್ಚಿದಳು.

"ನೋಡೇ ಸೊರೈದಾ! ಮೇಲೆ ಕೂಸುಗಳಿಗೆ ಕೋಣೆ. ತಾಯಂದ್ರು ಕಾರ್ಖಾನೆಗೆ ಹೋದಾಗ ಮಕ್ಕಳು ಮಲಗೋಕೆ. ಇದರ ದುಡ್ಡಿಗೆ ಕೋಳಿ ಕರಿದು ಮಾರಿ ಮಾರಿ ನನ್ನ ಮೈಯೆಲ್ಲ ಕೋಳಿ ವಾಸನೆ, ಗಂಡ ಹತ್ರ ಬರಲ್ಲ. ಈ ಶನಿವಾರ ಮೋಲ್ಡು!"

"ನಕ್ಷೆ ಯಾರು ಕೊಟ್ಟರು?"

"ಮೇಸ್ತ್ರಿ ಸಿರಿಲೊ ತಂದ. ನಿಮ್ಮ ಇಂಜಿನಿಯರ್ರೇ ಸಾಯೋ ಮುಂಚೆ ನಮಗೋಸ್ಕರ ಮಾಡಿಟ್ಟಿದ್ರಂತೆ. ಪುಣ್ಯಾತ್ಮ. ಮೇಲಿಂದ ನೋಡ್ತಿರ್ತಾರೆ ಬಿಡು."

ನಕ್ಷೆಯ ಮೂಲೆಯಲ್ಲಿ ಲಾಂದಾವೆರಿಯ ಹೆಸರು, ನಂಬರು, ನೀಲಿ ಮೊಹರು. ನಕ್ಷೆ ಸೊರೈದಾ ಬರೆದದ್ದಲ್ಲ. ಹದಿನೇಳು ವರ್ಷದಲ್ಲಿ ಆ ಕಚೇರಿಯಿಂದ ಅವಳು ಬರೆಯದ ನಕ್ಷೆ ಒಂದೂ ಹೊರಬಿದ್ದಿರಲಿಲ್ಲ. ಅವರು ಸಾಯುವ ಮುಂಚೆ ಇದು ಹುಟ್ಟಿರಲಿಲ್ಲ. ಹಾಗಾದರೆ ಗೋಡೆಯೊಳಗೆ ಮಲಗಿರುವ ಕೋಟಿನ ಜೇಬಿನಿಂದ ಮೊಹರು ಎದ್ದು ಬಂದದ್ದು ಹೇಗೆ?

ಸೊರೈದಾ ತಟ್ಟೆ ಪಕ್ಕಕ್ಕಿಟ್ಟಳು. ಕಂಬಿ ನೋಡುತ್ತೇನೆಂದು ಏಣಿ ಹತ್ತಿದಳು. ಮುಟ್ಟಿದರೆ ಕಂಬಿಯ ಸಿಪ್ಪೆ ಪದರ ಪದರವಾಗಿ ಕಳಚಿ ಬಂತು. ಹೆಬ್ಬೆರಳು ಗಾತ್ರದ ಕಂಬಿ ಬುಡದಲ್ಲಿ, ಕಾಂಕ್ರೀಟಿನಿಂದ ಹೊರಬರುವ ಕಡೆ, ಕಿರುಬೆರಳಿನಷ್ಟಾಗಿತ್ತು. ಇದರ ಮೇಲೆ ಮಾಡು, ಮಾಡಿನ ಕೆಳಗೆ ಕೂಸುಗಳು. ಕೆಳಗೆ ಬೀದಿಯಲ್ಲಿ ಆಗಲೇ ಮರಳು ಸುರಿದಿದ್ದರು.

ತೂ. ಬೆನ್ನ ಹಿಂದೆ, ಹತ್ತಿರದಲ್ಲೇ.

ಅವಳು ಕಾದಳು.

ತೂ.

ತಿರುಗಿ ನೋಡಿದರೆ ಮಾಡಿನ ಮೇಲೆ ಕಂಬಿಗಳ ಹೊರತು ಯಾರೂ ಇರಲಿಲ್ಲ.

ಮನೆಗೆ ಬಂದಾಗ ಎರ್ಮಿನಿಯಾ ಬಟಾಟೆ ಸುಲಿಯುತ್ತಿದ್ದಳು. ಸೊರೈದಾ ಎದುರು ಕೂತಳು.

"ಅವರ ಜೇಬಿಗೆ ಏನು ಹಾಕಿದ್ರಿ ದೋನ್ಯಾ?"

ಮುದುಕಿ ಬಟಾಟೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಸೀಲು."

"ಯಾವ ಸೀಲು?"

ಸಿಪ್ಪೆ ಉದ್ದಕ್ಕೆ ಇಳಿಯಿತು. "'ಪಾವತಿಯಾಗಿದೆ' ಅಂತ ಬಿಲ್ಲಿಗೆ ಒತ್ತೋದು ಇತ್ತಲ್ಲ, ಅದು."

ಸೊರೈದಾಳಿಗೆ ನಗು ಬಂತು. ಒಂದು ವರ್ಷದಿಂದ ಆ ಮನುಷ್ಯ ಕತ್ತಲಲ್ಲಿ, ಎದೆಯ ಮೇಲೆ ಪಾವತಿಯಾಗಿದೆ ಎಂಬುದನ್ನಿಟ್ಟುಕೊಂಡು ಮಲಗಿದ್ದ.

"ನಗು, ನಗು," ಎಂದಳು ಎರ್ಮಿನಿಯಾ. "ಪಿಂಚಣಿ ಅಂತ ಏನು ಬಿಟ್ಟುಹೋದ್ರು ಅವರು? ಎರಡು ಹೆಲ್ಮೆಟ್ಟು, ಒಂದು ಸ್ಕೇಲು. ಸಿರಿಲೊ ಬಂದು ಕೇಳಿದ. ಒಂದು ಸಲ ಒತ್ತಿದ್ರೆ ಒಂದು ವಾರದ ಊಟ. ಈ ಮೇಜಿನ ಮೇಲೆ ಮೀನು ಎಲ್ಲಿಂದ ಬರ್ತಿತ್ತು ಅಂದ್ಕೊಂಡಿದ್ದೆ ನೀನು?"

"ನನ್ನ ಪ್ರಮಾಣಪತ್ರ?"

ಚಾಕು ನಿಂತಿತು.

"ಅದು ಅವರೇ ಕೊಡಬೇಕಿತ್ತು," ಎಂದಳು ಮುದುಕಿ, ಮೊದಲ ಸಲ ದನಿ ತಗ್ಗಿಸಿ. "ಹದಿನೇಳು ವರ್ಷ ನಿನ್ನ ಕೈಯ ದುಡಿಮೆ ತಿಂದ್ರು. ಕೊಡಲಿಲ್ಲ. ನಾನು ಕೊಟ್ಟೆ. ಅದರಲ್ಲಿ ಬರೆದದ್ದು ಒಂದಕ್ಷರ ಸುಳ್ಳಿದ್ರೆ ಹೇಳು."

ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಸಂಕಟವಾಗಿತ್ತು.

ಆ ವಾರವನ್ನು ಸೊರೈದಾ ಹೇಗೆ ಕಳೆದಳೆಂದರೆ, ನಿಜ ಹೇಳಬೇಕು, ಹೇಡಿಯ ಹಾಗೆ ಕಳೆದಳು. ಮಂಗಳವಾರ ಸಿರಿಲೊನನ್ನು ಹುಡುಕಿಕೊಂಡು ಹೋಗಿ ಕಂಬಿ ಕೆಟ್ಟಿದೆ, ಮೋಲ್ಡು ಮುಂದೂಡು ಎಂದಳು. ಅವನು ಹಲ್ಲುಕಡ್ಡಿ ಬಾಯಿಂದ ತೆಗೆಯಲಿಲ್ಲ. "ನಿಮ್ಮ ಪ್ರಮಾಣವಚನದ ಶುಕ್ರವಾರ ಕಳೀಲಿ ಇಂಜಿನಿಯರಮ್ಮನೋರೆ, ಆಮೇಲೆ ಬಂದು ಬುದ್ಧಿ ಹೇಳಿ," ಎಂದ. ಬುಧವಾರ, ಪ್ರಮಾಣವಚನ ಆಗಲಿ, ನಂಬರು ಕೈಗೆ ಬರಲಿ, ಆಮೇಲೆ ಬಾಯಿ ಬಿಡುತ್ತೇನೆ ಎಂದುಕೊಂಡಳು. ಆದರೆ ಮೋಲ್ಡು ಈ ಶನಿವಾರ, ಪ್ರಮಾಣವಚನ ಮುಂದಿನ ಶುಕ್ರವಾರ. ನಡುವೆ ಕಾಂಕ್ರೀಟು ಗಟ್ಟಿಯಾಗಿರುತ್ತದೆ. ಒಮ್ಮೆ ಎದ್ದು ನಿಂತ ಮಾಡನ್ನು ಯಾವ ಬಡವರೂ ಒಡೆಯುವುದಿಲ್ಲ. ಈಗಲೇ ಹೇಳಿದರೆ, ಆ ಮೊಹರು ಸುಳ್ಳು ಎಂದರೆ, ತನ್ನ ಹಾಳೆಯ ಮೇಲಿರುವುದೂ ಅದೇ ಮೊಹರು. ಗುರುವಾರ ಕೋಟನ್ನು ಹ್ಯಾಂಗರಿಗೆ ಹಾಕಿ ಬಾಗಿಲಿಗೆ ತೂಗುಹಾಕಿದಳು. ಕಿಟಕಿಯ ಕೆಳಗೆ ಎರಡೆರಡು ಸಲ ಉಗಿಯುವ ಸದ್ದು. ಕಿವಿಗೆ ಹತ್ತಿ ತುರುಕಿಕೊಂಡಳು. ಕಿವಿಯೊಳಗಿನಿಂದಲೇ ಬಂತು.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಬೀದಿ ಮದುವೆಮನೆಯಂತಿತ್ತು. ಹೆಂಗಸರು ಮೇಕೆಮಾಂಸದ ಹಂಡೆ ಏರಿಸಿದ್ದರು. ಬಿಯರಿನ ಕ್ರೇಟು, ರಿಬ್ಬನ್ ಕಟ್ಟಿ ತೂಗುಹಾಕಿದ ಬಾಟಲಿ, ಶುಭಕ್ಕೆಂದು ಅದನ್ನೊಡೆಯಲು ಕೋಟು ಹಾಕಿಕೊಂಡು ಬಂದ ಮೀನುಸಾಹುಕಾರ. ಮಿಕ್ಸರ್ ತಿರುಗುತ್ತಿತ್ತು. ಕೂಲಿಗಳು ತಗಡಿನ ಡಬ್ಬಿ ಹೆಗಲಿಗೇರಿಸಿ ಮೊದಲ ಸರದಿಗೆ ಸಾಲು ನಿಂತಿದ್ದರು.

ಸೊರೈದಾ ಯಾರೊಂದಿಗೂ ಮಾತಾಡದೆ ಮರಳಿನ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮೇಲಿನ ಪದರ ಸರಿಸಿದಳು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಹೆಂಗಸರ ಮಾತು ಒಂದೊಂದಾಗಿ ಕಡಿಮೆಯಾಯಿತು.

ಉಗಿದಳು. ಮತ್ತೆ ಉಗಿದಳು.

ಮಿಕ್ಸರಿನವನಿಗೆ ಯಾರೂ ಹೇಳಲಿಲ್ಲ, ಅವನೇ ಯಂತ್ರ ನಿಲ್ಲಿಸಿದ.

"ಏನಿದು ನಾಟಕ?" ಸಿರಿಲೊ ಮೇಲಿಂದ ಕೂಗಿದ. "ನಿನ್ನ ಸೀಲೆಲ್ಲಿ ತಾಯಿ? ನಿನ್ನ ನಂಬರೆಷ್ಟು? ಯಜಮಾನ್ರು ಸತ್ತರು ಅಂತ ಅವರ ಎಂಜಲನ್ನೂ ಆಸ್ತಿಗೆ ಬರೆಸ್ಕೊಂಡ್ಯಾ?"

ಒಂದಿಬ್ಬರು ನಕ್ಕರು. ಫೊರ್ತುನಾತಾ ನಗಲಿಲ್ಲ. ಸೌಟು ಹಿಡಿದೇ ಹತ್ತಿರ ಬಂದಳು.

"ಉಪ್ಪಾ?"

"ಉಪ್ಪು. ಮೇಲೆ ಕಂಬಿಯೂ ತಿಂದುಹೋಗಿದೆ. ಸುತ್ತಿಗೆ ತಗೊಂಡು ಬುಡಕ್ಕೆ ಹೊಡೆದು ನೋಡು."

"ಇಂಜಿನಿಯರ್ರು ಎಲ್ಲ ನೋಡಿ ಸೈನ್ ಹಾಕಿದ್ದಾರಲ್ಲೇ!"

ಅಲ್ಲಿಗೆ ಬಂತು. ಸೊರೈದಾ ಬಾಗಿಲಿಗೆ ತೂಗುತ್ತಿದ್ದ ಕೋಟನ್ನು ನೆನೆಸಿಕೊಂಡಳು. ಬಾಯಲ್ಲಿ ಇನ್ನೂ ಮರಳು ಕರಕರ ಎನ್ನುತ್ತಿತ್ತು.

"ಅವರು ಹಾಕಿಲ್ಲ. ಅವರು ಗೋಡೆ ಸೇರಿದ ಮೇಲೆ ಹುಟ್ಟಿದ ನಕ್ಷೆ ಅದು. ಸೀಲು ಅವರದೇ, ಒತ್ತಿದ ಕೈ ಅವರದಲ್ಲ."

"ನಿನಗೆ ಹೆಂಗೆ ಗೊತ್ತು?"

"ನನ್ನ ಪ್ರಮಾಣಪತ್ರಕ್ಕೂ ಅದೇ ಕೈಯೇ ಒತ್ತಿದ್ದು."

ಯಾರೋ ದೇವರೇ ಎಂದರು. ಫೊರ್ತುನಾತಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾವಾಗ ಗೊತ್ತಾಯ್ತು?"

"ಸೋಮವಾರ."

"ಸೋಮವಾರ! ನಾವು ಮೇಕೆ ಕುಯ್ದು, ಕೂಲಿಯವರಿಗೆ ಹೇಳಿ, ಸಿಮೆಂಟಿನ ಚೀಲ ಒಡೆಯೋವರೆಗೂ ಸುಮ್ಮನಿದ್ದೆಯಾ?"

"ಬರೋ ಶುಕ್ರವಾರ ನನ್ನ ಪ್ರಮಾಣವಚನ ಇತ್ತು," ಎಂದಳು ಸೊರೈದಾ.

ಫೊರ್ತುನಾತಾ ಹೊಡೆಯುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಏಣಿ ಹತ್ತಿದಳು, ಸಿರಿಲೊನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಹತ್ತಿರದ ಕಂಬಿಯ ಬುಡಕ್ಕೆ ಬೀಸಿದಳು. ಕಂಬಿ ಒಣ ಕಬ್ಬಿನಂತೆ ಲಟಕ್ಕನೆ ಮುರಿಯಿತು. ಸಿರಿಲೊ ಯಾವ ಹೊತ್ತಿನಲ್ಲಿ ಕೆಳಗಿಳಿದು ಹೋದನೋ ಯಾರೂ ನೋಡಲಿಲ್ಲ.

ಕಲಸಿದ ಕಾಂಕ್ರೀಟು ನೆಲದ ಮೇಲೇ ಗಟ್ಟಿಯಾಯಿತು. ಮೇಕೆ ಬೆಂದಿತ್ತು, ಎಸೆಯುವ ಹಾಗಿರಲಿಲ್ಲ. ತಿಥಿಯೂಟದಂತೆ ಸದ್ದಿಲ್ಲದೆ ಉಂಡರು. ಸೊರೈದಾಳನ್ನು ಯಾರೂ ಊಟಕ್ಕೆ ಕರೆಯಲಿಲ್ಲ, ಉಪಕಾರವಾಯಿತು ಎಂದೂ ಅನ್ನಲಿಲ್ಲ. ಜನ ಹಾಗೆಲ್ಲ ಅನ್ನುವುದಿಲ್ಲ. ಎಷ್ಟೋ ವರ್ಷದ ಕೋಳಿಯೆಣ್ಣೆಯ ದುಡ್ಡು ರಸ್ತೆಯಲ್ಲಿ ಕಲ್ಲಾಗಿ ಬಿದ್ದಿರುವಾಗ ಯಾರಿಗೆ ಅನ್ನಬೇಕೆನ್ನಿಸುತ್ತದೆ?

ಸೋಮವಾರ ಅವಳು ಬಸ್ಸು ಹತ್ತಿ ನಗರಕ್ಕೆ ಹೋಗಿ ಮಂಡಳಿಯ ಮೇಜಿನ ಮೇಲೆ ತನ್ನ ಪ್ರಮಾಣಪತ್ರವನ್ನು ತಾನೇ ಇಟ್ಟಳು. ಮುಂದಿನದು ಕಚೇರಿಯ ವ್ಯವಹಾರ. ಪಟ್ಟ ರದ್ದಾಯಿತು. ಎರ್ಮಿನಿಯಾಳನ್ನು ವಯಸ್ಸು ನೋಡಿ ಜೈಲಿಗೆ ಹಾಕಲಿಲ್ಲ. ಮೊಹರನ್ನು ವಶಪಡಿಸಿಕೊಂಡು ಅವಳ ಕಣ್ಣೆದುರೇ ಗರಗಸದಲ್ಲಿ ಎರಡು ತುಂಡು ಮಾಡಿದರು. ಅವಳು ಮನೆ ಮಾರಿ ತಂಗಿಯ ಊರಿಗೆ ಹೊರಟಳು. ಸೊರೈದಾ ಪೆಟ್ಟಿಗೆ ಎತ್ತಲು ಕೈಹಾಕಿದಾಗ ಬೇಡವೆನ್ನಲಿಲ್ಲ.

"ನಿನಗೂ ಕೇಳಿಸ್ತಿತ್ತಾ ಮಗಳೇ?" ಎಂದಳು ಬಸ್ಸಿನ ಮೆಟ್ಟಿಲ ಮೇಲೆ.

"ಏನು?"

ಮುದುಕಿ ತುಟಿ ಒತ್ತಿ ಸನ್ನೆ ಮಾಡಿದಳು. ಸದ್ದು ಮಾಡಲಿಲ್ಲ. ಬಸ್ಸು ಹೊರಟಿತು.

ಆಮೇಲೆ ಸೊರೈದಾ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ಹಗಲು ಅಲ್ಲಿ ದುಡಿದು, ಭಾನುವಾರಗಳಲ್ಲಿ ಊರಿನ ಮಾಡುಗಳನ್ನು ಹತ್ತಿ ಆಸೆಯ ಕಂಬಿಗಳ ಗಾತ್ರ ಅಳೆದಳು. ಮಾಡು ಹತ್ತಲು ಬಿಟ್ಟವರು ಸ್ವಲ್ಪ ಜನ, ನಾಯಿ ಬಿಟ್ಟವರೇ ಹೆಚ್ಚು. ಇಪ್ಪತ್ತು ವರ್ಷದ ಹಿಂದೆ ನಿಂತುಹೋದ ಪ್ರಬಂಧವನ್ನು ಹಾಗೆ ಬರೆದಳು. ವಿಷಯ ಬೇರೆ, ಮೇಷ್ಟ್ರು ಬೇರೆ, ಅವಳ ಮಗನಾಗುವ ವಯಸ್ಸಿನವನು. ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಅವಳಿಗೆ ಒಂದು ಸದ್ದೂ ಕೇಳಿಸಲಿಲ್ಲ. ಕೇಳಿಸದಿರುವುದಕ್ಕೂ ಹೆದರಿಕೊಂಡಳು.

ಪ್ರಮಾಣವಚನದ ದಿನ ಸಭಾಂಗಣದಲ್ಲಿ ಹುಡುಗ ಹುಡುಗಿಯರ ನಡುವೆ ಅದೇ ಕಪ್ಪು ಕೋಟು ತೊಟ್ಟು ಕೈಯೆತ್ತಿ ನಿಂತಳು. ಕೋಟು ಸೊಂಟದಲ್ಲಿ ಬಿಗಿಯಾಗಿತ್ತು. ಕೊರಳಿಗೆ ಪದಕ ಬಿತ್ತು. ಕೆಳಗಿಳಿದು ಬಂದರೆ ಕೊನೆಯ ಸಾಲಿನಲ್ಲಿ ಫೊರ್ತುನಾತಾ, ಮಡಿಲಲ್ಲಿ ಬಾಳೆಯೆಲೆಯ ಪೊಟ್ಟಣ.

"ನಿನಗೋಸ್ಕರ ಬಂದಿಲ್ಲ," ಎಂದಳು. "ನಮ್ಮ ಮಾಡಿಗೋಸ್ಕರ ಬಂದಿದ್ದೀನಿ. ತಗೋ, ಜೋಳದ ಕಡುಬು. ತಿನ್ನು."

ಅಡುಗೆಮನೆಯನ್ನು ಹೆಂಗಸರು ಅಷ್ಟರಲ್ಲಿ ಪಾಯದವರೆಗೂ ಒಡೆದು ಹಾಕಿದ್ದರು. ಕಂಬಗಳು ಹೊಸದಾಗಿ ಎದ್ದವು, ಹೊಸ ಕಂಬಿ, ಹೊಸ ಮೇಸ್ತ್ರಿ. ಮೋಲ್ಡಿನ ದಿನ ಹತ್ತಿರ ಬಂತು. ಸೊರೈದಾ ಮಾಡಿನ ನಕ್ಷೆ ಹಿಡಿದುಕೊಂಡು ಹೋದಳು. ಬೀದಿಯಲ್ಲಿ ಸುರಿದಿದ್ದ ಮರಳನ್ನು ನೋಡಿದಳು, ನಾಲಿಗೆಗೆ ಇಟ್ಟಳು, ಒಂದು ಸಲ ಉಗಿದಳು. ಸದ್ಯಕ್ಕೆ ಅಡುಗೆ ನಡೆಯುತ್ತಿದ್ದ ಪಕ್ಕದ ತಗಡಿನ ಶೆಡ್ಡಿನೊಳಗೆ ಬಂದು ಮೇಜಿನ ಮೇಲೆ ನಕ್ಷೆ ಬಿಡಿಸಿದಳು. ಬೇರೆ ಹೆಂಗಸರೆಲ್ಲ ಮನೆಗೆ ಹೋಗಿದ್ದರು. ಫೊರ್ತುನಾತಾ ಈರುಳ್ಳಿ ಹೆಚ್ಚುತ್ತಿದ್ದಳು.

ಮೊಹರನ್ನು ಡಬ್ಬಿಯಿಂದ ತೆಗೆದಳು. ರಬ್ಬರಿಗೆ ಇನ್ನೂ ಶಾಯಿ ಸೋಕಿರಲಿಲ್ಲ. ಶಾಯಿಗೆ ಅದ್ದಿದಳು. ಕೈ ಗಾಳಿಯಲ್ಲೇ ನಿಂತಿತು. ರೇಡಿಯೋ ಕೇಳುತ್ತಾ ಕೂತ ಐದು ಜನ ಅವಳ ಕಣ್ಣಿಗೆ ಕಂಡರು, ಅವರ ಮುಖವನ್ನು ಅವಳೆಂದೂ ನೋಡಿರಲಿಲ್ಲ.

"ಒತ್ತೇ," ಎಂದಳು ಫೊರ್ತುನಾತಾ.

"ನಾನು ಸತ್ತರೆ ಈ ಸೀಲನ್ನ ನೀನೇ ಜೇಬಿಗೆ ಹಾಕ್ಬೇಕು. ಬೇರೆ ಯಾರಿಗೂ ಬಿಡ್ಬೇಡ."

"ನಾನೇ ಮೊದಲು ಸಾಯೋದು, ನನಗೆ ಸಕ್ಕರೆ ಕಾಯಿಲೆ."

"ಆದ್ರೂ. ಪೆಟ್ಟಿಗೆ ಮುಚ್ಚೋ ಮುಂಚೆ ಅಂಗೈಗೆ ಒತ್ತಿ ನೋಡು, ಏನಿದೆ ಅಂತ."

"ನನಗೆಲ್ಲಿ ಬರುತ್ತೆ ನಿನ್ನ ಅಕ್ಷರ ಓದೋಕೆ? ತಾ ಇಲ್ಲಿ, ಹೆಂಗಿರುತ್ತೆ ಅಂತ ಈಗಲೇ ನೋಡ್ಕೋತೀನಿ." ಫೊರ್ತುನಾತಾ ಅಂಗೈ ಚಾಚಿದಳು. ಈರುಳ್ಳಿಯ ರಸ, ಮೂವತ್ತು ವರ್ಷದ ಸುಟ್ಟ ಗಾಯಗಳು. ಸೊರೈದಾ ಒತ್ತಿದಳು. ಚಿಂಚಾಯ್ ಎಂಬ ಹೆಸರೂ ನಂಬರೂ ನೀಲಿಯಾಗಿ, ಒದ್ದೆಯಲ್ಲಿ ಸ್ವಲ್ಪ ಹರಡಿ, ಅಂಗೈಯ ನಡುವೆ ಕೂತವು. ಆಮೇಲೆ ನಕ್ಷೆಗೆ ಒತ್ತಿದಳು, ಕೆಳಗೆ ಸಹಿ ಹಾಕಿದಳು.

ಹೊರಗೆ, ಮರಳಿನ ರಾಶಿಯ ಕಡೆಯಿಂದ, ಯಾರೋ ಉಗಿದರು. ಒಣದು, ಹಲ್ಲಿನ ಸಂದಿಯಿಂದ.

ಫೊರ್ತುನಾತಾಳ ಚಾಕು ನಿಂತಿತು. ಅವಳು ಶಾಯಿಯ ಅಂಗೈ ಮೇಲೆತ್ತಿ ಹಿಡಿದೇ ಬಾಗಿಲ ಕಡೆ ನೋಡಿದಳು.

"ಯಾರೇ ಅದು?"

"ಸುಮ್ಮನಿರು," ಎಂದಳು ಸೊರೈದಾ.

ಇಬ್ಬರೂ ಉಸಿರು ಹಿಡಿದು ಎರಡನೆಯದಕ್ಕೆ ಕಿವಿಗೊಟ್ಟು ನಿಂತರು.